ನೀರುನಾಯಿಯ ಗಾಳ

ಅಕ್ಟೋಬರ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಗಾಲ್ವೇಯ ಠಾಣೆಗೆ ದೂರು ಬಂತು. ಫೋನಿನಲ್ಲಿದ್ದವರು ಬ್ಲೇಕ್ ಸಾಗರ ಸಂಗ್ರಹಾಲಯದ ನಿರ್ದೇಶಕಿ ಡಾ. ಕರ್ವನ್. ಗಾಜಿನ ಪೆಟ್ಟಿಗೆಯಲ್ಲಿದ್ದ ನಾಲ್ಕು ಗಾಳಗಳಲ್ಲಿ ಒಂದು ಕಾಣೆಯಾಗಿದೆ ಎಂದರು.

"ಗಾಳ ಅಂದ್ರೆ ಮೀನು ಹಿಡಿಯೋ ಗಾಳಾನಾ ಮೇಡಂ?" ಫೋನೆತ್ತಿದ ಗಾರ್ಡಾ ಸಂಪತ್ ಕೇಳಿದ.

"ಮೀನು ಹಿಡಿಯೋದೇ. ಆದರೆ ನೂರೈವತ್ತು ವರ್ಷ ಹಳೇದು. ನಾಳೆ ಹನ್ನೊಂದು ಗಂಟೆಗೆ ನಾಲ್ಕನ್ನೂ ಅವುಗಳ ಜನಕ್ಕೆ ವಾಪಸ್ ಕೊಡಬೇಕು. ಅಲಾಸ್ಕಾದಿಂದ ಬಂದು ಕೂತಿದ್ದಾರೆ. ಅವರ ಮುಂದೆ ಮೂರೇ ಇಡಲಾ?"

ಐರ್ಲೆಂಡಿನಲ್ಲಿ ಪೊಲೀಸರನ್ನು ಗಾರ್ಡಾ ಎನ್ನುತ್ತಾರೆ. ಸಂಪತ್ ಮೈಸೂರಿನವನು. ಎಂ.ಎಸ್. ಓದಲು ಬಂದು, ಕೆಲವು ವರ್ಷ ಕಂಪ್ಯೂಟರ್ ಮುಂದೆ ಕೂತು ಬೇಸತ್ತು, ಮೂವತ್ತು ದಾಟಿದ ಮೇಲೆ ಈ ನೀಲಿ ಸಮವಸ್ತ್ರ ಹಾಕಿಕೊಂಡವನು. ಆ ಠಾಣೆಯಲ್ಲಿ ಕನ್ನಡ ಬರುವವನು ಅವನೊಬ್ಬನೇ. ನಮ್ಮಲ್ಲಿ ಎಫ್.ಐ.ಆರ್. ಬರೆಯುವಂತೆ ಇಲ್ಲಿ ದೂರನ್ನು ಕಂಪ್ಯೂಟರಿಗೆ ಏರಿಸಬೇಕು. ಏರಿಸಿದ. ಅಪರಾಧ: ಕಳವು. ವಸ್ತು: ಮರದ ಗಾಳ, ಒಂದು. ಆರೋಪಿ: ಗೊತ್ತಿಲ್ಲ.

ಡಿಟೆಕ್ಟಿವ್ ಸಾರ್ಜೆಂಟ್ ಮರೇಡ್ ಫೋಲನ್ ಕಾರಿನ ಕೀಲಿ ತೆಗೆದುಕೊಂಡಳು. "ನಮ್ಮಪ್ಪ ಜೀವಮಾನವೆಲ್ಲ ಗಾಳ ಕಳಕೊಂಡೇ ಬದುಕಿದ. ಒಂದು ದಿನವೂ ಗಾರ್ಡಾನ ಕರೀಲಿಲ್ಲ."

"ನಿಮ್ಮಪ್ಪನಿಗೆ ಗಾಜಿನ ಪೆಟ್ಟಿಗೆ ಇರಲಿಲ್ಲ ಸಾರ್ಜೆಂಟ್."

"ಬಾಯಿ ಮುಚ್ಚಿ ಗಾಡಿ ಹತ್ತು."

ಒಂಬತ್ತು ಐವತ್ತಕ್ಕೆ ಇಬ್ಬರೂ ಸಂಗ್ರಹಾಲಯದಲ್ಲಿದ್ದರು. ಪಂಚನಾಮೆಗೆ ಪಂಚರನ್ನು ಹುಡುಕುವ ಪದ್ಧತಿ ಇಲ್ಲಿಲ್ಲ; ಫೋಲನ್ ಫೋಟೋ ತೆಗೆದಳು, ಸಂಪತ್ ಬರೆದುಕೊಂಡ. ಗಾಜಿನ ಬಾಗಿಲು ಮುರಿದಿಲ್ಲ. ಬೀಗ ತೆರೆದೇ ಇತ್ತು. ನಿನ್ನೆ ಮಧ್ಯಾಹ್ನ ಅಲಾಸ್ಕಾದ ಅತಿಥಿಯ ಭಾಷಣವಿತ್ತು. ಗಾಳಗಳನ್ನು ಹತ್ತಿರದಿಂದ ತೋರಿಸಲೆಂದು ಪೆಟ್ಟಿಗೆ ತೆರೆದವರು, ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುವ ಗಡಿಬಿಡಿಯಲ್ಲಿ ಬೀಗ ಹಾಕುವುದನ್ನು ಮರೆತಿದ್ದರು. ಯಾರು ಮರೆತದ್ದು ಎಂದು ಫೋಲನ್ ಕೇಳಿದಾಗ ಡಾ. ಕರ್ವನ್ ಕಿಟಕಿಯ ಕಡೆ ನೋಡಿದರು. ಅಲ್ಲಿಗೆ ಉತ್ತರ ಸಿಕ್ಕಿತು.

ಉಳಿದ ಮೂರು ಗಾಳಗಳನ್ನು ಸಂಪತ್ ಬಗ್ಗಿ ನೋಡಿದ. ಒಂದೊಂದೂ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ. ಎರಡು ಮರದ ತೋಳುಗಳನ್ನು ಒಂದು ತುದಿಯಲ್ಲಿ ಸೇರಿಸಿ ಮರದ ಬೇರಿನಿಂದ ಬಿಗಿದಿದ್ದರು. ಇನ್ನೊಂದು ತುದಿ ಕೊಕ್ಕಿನ ಹಾಗೆ ತೆರೆದಿತ್ತು. ಒಂದು ತೋಳಿಗೆ ಮೂಳೆಯ ಮುಳ್ಳು ಕಟ್ಟಿತ್ತು. ಅಲಾಸ್ಕಾ ಕರಾವಳಿಯ ಟ್ಲಿಂಗಿಟ್ ಜನ ಹ್ಯಾಲಿಬಟ್ ಎಂಬ ಚಪ್ಪಟೆ ಮೀನು ಹಿಡಿಯಲು ಮಾಡಿಕೊಂಡದ್ದು. ಆಳೆತ್ತರ ಬೆಳೆಯುವ ಮೀನದು.

"ಕಳುವಾದದ್ದರಲ್ಲಿ ಏನು ಕೆತ್ತಿತ್ತು?"

"ನೀರುನಾಯಿ. ಅರ್ಧ ನೀರುನಾಯಿ, ಅರ್ಧ ಮನುಷ್ಯ."

ಗೋಡೆಯ ಮೇಲೊಂದು ಹಿತ್ತಾಳೆಯ ಫಲಕವಿತ್ತು. ಹಡಗಿನ ಕ್ಯಾಪ್ಟನ್ ಬ್ಲೇಕ್ ಇವನ್ನು ಸ್ಥಳೀಯರಿಂದ 'ಪಡೆದು ತಂದರು' ಎಂದು ಬರೆದಿತ್ತು.

"ಪಡೆದದ್ದು ಅಂದ್ರೆ? ಏನು ಕೊಟ್ಟು ಪಡೆದ?" ಎಂದಳು ಫೋಲನ್.

"ದಾಖಲೆ ಇಲ್ಲ."

ಆ ಕ್ಯಾಪ್ಟನ್ ಹಡಗು ಹತ್ತಿದ ದಿನ ಯಾವ ಠಾಣೆಯಲ್ಲೂ ಫೋನು ಹೊಡೆದುಕೊಂಡಿರಲಿಲ್ಲ. ಯಾವನೂ ಫೋಟೋ ತೆಗೆಯಲಿಲ್ಲ, ಬೆರಳಚ್ಚು ಎತ್ತಲಿಲ್ಲ. ಇಷ್ಟು ವರ್ಷ ಬಿಟ್ಟು ಇವತ್ತು ಒಂದು ಗಾಳಕ್ಕೆ ಇಬ್ಬರು ಪೊಲೀಸರು. ಸಂಪತ್ ಈ ಮಾತನ್ನು ನುಂಗಿಕೊಂಡ. ಸಂಬಳ ತೆಗೆದುಕೊಳ್ಳುವವನು ಎಷ್ಟೋ ಮಾತು ನುಂಗಬೇಕಾಗುತ್ತದೆ.

"ಇನ್ನೊಂದು ವಿಷಯ," ಡಾ. ಕರ್ವನ್ ದನಿ ತಗ್ಗಿಸಿದರು. "ಇವನ್ನ ನಾವು ಹೀಗೆ ಇಟ್ಟಿರಲಿಲ್ಲ. ಕೆತ್ತನೆ ಮೇಲೆ ಕಾಣೋ ಹಾಗೆ ಇಟ್ಟಿದ್ವಿ. ಯಾರೋ ಮೂರನ್ನೂ ಮಗುಚಿ ಹಾಕಿದ್ದಾರೆ. ಈಗ ಮುಖ ಕೆಳಗಿದೆ. ಹಾಗೇ ಇಡಬೇಕು ಅಂತ ಹಟ ಹಿಡಿದದ್ದು ಆ ಅತಿಥಿ ಒಬ್ಬರೇ. ನಾನು ಯಾರ ಮೇಲೂ ಆರೋಪ ಮಾಡ್ತಿಲ್ಲ."

"ಮಾಡ್ತಿದ್ದೀರಿ," ಎಂದಳು ಫೋಲನ್. "ಪರವಾಗಿಲ್ಲ, ಬರ್ಕೊಳ್ತೀವಿ."

ಗಾಜಿನ ಒಳಬದಿಯಲ್ಲಿ ನಾಲ್ಕು ಬೆರಳುಗಳ ಗುರುತು ಸ್ಪಷ್ಟವಾಗಿತ್ತು. ಜಿಡ್ಡುಗಟ್ಟಿದ ಗುರುತು. ಸಂಪತ್ ಮೂಗು ಹತ್ತಿರ ಒಯ್ದ. ತೆಂಗಿನೆಣ್ಣೆ. ತಲೆಗೆ ಹಚ್ಚಿ ಬಾಚಿ ಜಡೆ ಕಟ್ಟಿದ ಕೈ ಅದು.

"ಏನು?" ಎಂದಳು ಫೋಲನ್.

"ತೆಂಗಿನೆಣ್ಣೆ ಸಾರ್ಜೆಂಟ್."

"ಅಡುಗೆಯವರಾ?"

"ಇರಬಹುದು," ಎಂದ. ಈ ಊರಲ್ಲಿ ಕೇರಳದ ನರ್ಸುಗಳಿದ್ದಾರೆ, ಬ್ರೆಜಿಲಿನವರಿದ್ದಾರೆ, ಫಿಲಿಪೀನ್ಸಿನವರಿದ್ದಾರೆ. ಎಣ್ಣೆ ಹಚ್ಚುವವರಿಗೇನು ಬರವೇ ಎಂದು ತನಗೆ ತಾನೇ ಹೇಳಿಕೊಂಡ.

ಅಲಾಸ್ಕಾದ ಅತಿಥಿ ಎಡ್ವಿನ್ ಜಾರ್ಜ್ ಸಾಲ್ಟ್‌ಹಿಲ್ಲಿನ ಒಂದು ವಸತಿಗೃಹದಲ್ಲಿದ್ದರು. ಎಪ್ಪತ್ತರ ಮುದುಕ, ಅಗಲ ಮುಖ, ಉಳಿ ಹಿಡಿದು ದಪ್ಪಗಾದ ಬೆರಳು. ತಾನೂ ಗಾಳ ಕೆತ್ತುವವರು. ಹನ್ನೊಂದೂವರೆಗೆ ವಿಚಾರಣೆ ಶುರುವಾಯಿತು.

"ನಿನ್ನೆ ಸಂಗ್ರಹಾಲಯ ಬಿಟ್ಟದ್ದು ಎಷ್ಟು ಹೊತ್ತಿಗೆ?" ಫೋಲನ್ ಕೇಳಿದಳು.

"ಐದಕ್ಕೆ."

"ಪೆಟ್ಟಿಗೆ ಮುಟ್ಟಿದ್ರಾ?"

"ಮುಟ್ಟಿದೆ. ಮಾತಾಡಿಸಿದೆ. ಹಾಗೇ ಬಿಟ್ಟು ಬಂದೆ."

"ಗಾಳ ನಿಮ್ಮ ಹತ್ತಿರ ಇದೆಯಾ?"

ಮುದುಕ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನೂರೈವತ್ತು ವರ್ಷ ಕಾದಿದ್ದೀವಿ ತಾಯಿ. ಒಂದು ದಿನ ತಡೆಯೋಕೆ ಆಗದೆ ಕದಿಯೋನ ಥರ ಕಾಣ್ತೀನಾ? ಬೇಕಾದ್ರೆ ಚೀಲ ನೋಡಿ. ಒಳಚಡ್ಡಿ ಇದೆ, ಒಣಗಿಸಿದ ಸಾಲ್ಮನ್ ಮೀನಿದೆ. ಸಾಲ್ಮನ್ ತಿಂದು ನೋಡಿ, ಒಳಚಡ್ಡಿ ಬಿಟ್ಟುಬಿಡಿ."

ಫೋಲನ್ ತುಟಿಯ ಅಂಚಿನಲ್ಲಿ ನಗು ಬಂದು ಹೋಯಿತು. ಚೀಲ ನೋಡಿದರು. ಗಾಳ ಇರಲಿಲ್ಲ.

"ಉಳಿದವನ್ನ ಮಗುಚಿದ್ದು ನೀವಾ?" ಸಂಪತ್ ಕೇಳಿದ.

ಎಡ್ವಿನ್ ಮೊದಲ ಸಲ ನೆಟ್ಟಗೆ ಕೂತರು. "ಮಗುಚಿದ್ದಾರಾ? ಮುಖ ಕೆಳಗೆ?"

"ಮೂರೂ."

"ಆ ಕೆತ್ತನೆ ಮನುಷ್ಯರು ನೋಡಲಿ ಅಂತ ಮಾಡಿದ್ದಲ್ಲಪ್ಪ. ಒಂದು ತೋಳು ತೇಲೋ ಮರ, ಒಂದು ತೋಳು ಭಾರದ ಮರ. ಕೆಳಗೆ ಕಲ್ಲು ಕಟ್ಟಿ ಬಿಟ್ಟರೆ ನೀರಿನ ತಳದ ಹತ್ತಿರ ನಿಲ್ಲುತ್ತೆ, ಕೆತ್ತಿದ ತೋಳು ಕೆಳಗಾಗಿ. ತಳದಲ್ಲಿ ಮಲಗಿರೋ ಮೀನು ತಲೆ ಎತ್ತಿದರೆ ಅದಕ್ಕೆ ಮುಖ ಕಾಣಬೇಕು. ಇವರು ಅಂಗಾತ ಮಲಗಿಸಿ ಕಣ್ಣಿಗೆ ದೀಪ ಬಿಟ್ಟಿದ್ದಾರೆ. ಇದನ್ನೇ ನಿನ್ನೆ ಹೇಳಿದೆ. ನಲವತ್ತು ಜನ ಚಪ್ಪಾಳೆ ಹೊಡೆದು ಬಿಸ್ಕತ್ತು ತಿನ್ನೋಕೆ ಹೋದರು. ಒಬ್ಬರು ಮಾತ್ರ ಕೇಳಿಸ್ಕೊಂಡಿದ್ದಾರೆ ಅಂತಾಯ್ತು."

"ಯಾರು?"

ಮುದುಕ ಚೀಲದ ಜಿಪ್ ಎಳೆದು ಮುಚ್ಚಿದರು.

"ಆ ನೀರುನಾಯಿ ಏನು?" ಸಂಪತ್ ಕೇಳಿದ.

"ನಮ್ಮ ಹಿರಿಯರ ಕತೆ. ನೀರಲ್ಲಿ ಮುಳುಗಿ, ದೇಹ ಸಿಗದೇ ಹೋದವರನ್ನ ನೀರುನಾಯಿಯ ಜನ ಕರ್ಕೊಂಡು ಹೋಗ್ತಾರೆ. ಅವರು ಸತ್ತವರೂ ಅಲ್ಲ, ಬದುಕಿದವರೂ ಅಲ್ಲ. ನಿನ್ನೆ ಹಿಂದಿನ ಸಾಲಿಂದ ಒಂದು ಪ್ರಶ್ನೆ ಬಂತು. ಹಾಗೆ ಹೋದವರನ್ನ ವಾಪಸ್ ಕರೆಯೋಕೆ ಆಗತ್ತಾ ಅಂತ." ಅವರು ಅಂಗೈ ಉಜ್ಜಿಕೊಂಡರು. "ಬೇಗ ಹೋದರೆ ಕೆಲವರನ್ನ ಕರ್ಕೊಂಡು ಬಂದದ್ದುಂಟು ಅಂತ ಕತೇಲಿ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಬಾಯಿ ಮುಚ್ಕೊಂಡಿರಬೇಕಿತ್ತು."

"ಕೇಳಿದ್ದು ಯಾರು ಅಂತ ಹೇಳಿ. ನಾಳೆ ನಿಮ್ಮ ಕೈಗೆ ಗಾಳ ಸಿಗಬೇಕೋ ಬೇಡವೋ?" ಎಂದಳು ಫೋಲನ್.

"ಸಿಗಬೇಕು. ಅದರ ಮೇಲೆ ನಮ್ಮೂರಲ್ಲಿ ಮುನ್ನೂರು ಜನದ ಕಣ್ಣಿದೆ. ಆದರೂ ನಾನು ಹೇಳಲ್ಲ."

ಮಧ್ಯಾಹ್ನ ಒಂದಕ್ಕೆ ಸಂಗ್ರಹಾಲಯದ ಕ್ಯಾಮೆರಾ ದೃಶ್ಯ ಠಾಣೆಗೆ ಬಂತು. ಪೆಟ್ಟಿಗೆಯ ಕಡೆಗೆ ಕ್ಯಾಮೆರಾ ಇರಲಿಲ್ಲ, ಹೊರಬಾಗಿಲಿಗಷ್ಟೇ ಇತ್ತು. ಜನ ಕೊಡೆ ಬಿಡಿಸುತ್ತ ಹೊರಬೀಳುತ್ತಿದ್ದರು. ನಾಲ್ಕು ನಲವತ್ತೊಂದಕ್ಕೆ ಒಬ್ಬ ಗಿಡ್ಡ ಹೆಂಗಸು ಬಂದಳು. ಮೈಗಿಂತ ಎರಡು ಪಟ್ಟು ದೊಡ್ಡದಾದ ಗಂಡಸರ ನೀಲಿ ಮಳೆಕೋಟು. ಎದೆಗೆ ಎರಡೂ ಕೈ ಕಟ್ಟಿದ್ದಳು, ಮಗುವನ್ನು ಒಳಗಿಟ್ಟುಕೊಂಡವಳ ಹಾಗೆ.

ಸಂಪತ್ ದೃಶ್ಯ ನಿಲ್ಲಿಸಿದ. ಅವನ ಕೈ ಮೌಸಿನ ಮೇಲೆಯೇ ಉಳಿಯಿತು.

"ಗೊತ್ತಾ?" ಎಂದಳು ಫೋಲನ್.

ಗೊತ್ತಿಲ್ಲ ಎಂದುಬಿಡಬಹುದಿತ್ತು. ಬೆರಳಚ್ಚು ಯಾವ ದಾಖಲೆಗೂ ಹೊಂದುತ್ತಿರಲಿಲ್ಲ. ಮುದುಕ ಬಾಯಿ ಬಿಡುತ್ತಿರಲಿಲ್ಲ. ನಾಳೆ ಅವರು ಮೂರೇ ಗಾಳ ಹಿಡಿದುಕೊಂಡು ವಿಮಾನ ಹತ್ತುತ್ತಿದ್ದರು, ಅಷ್ಟೇ. ಗಾಳ ಹೊತ್ತು ತಂದ ಆ ಕ್ಯಾಪ್ಟನ್ನನ ಊರಿಗೆ ಬಂದು, ಕಳ್ಳ ಎಂಬ ಅನುಮಾನ ಹೊತ್ತುಕೊಂಡು ಹೋಗುತ್ತಿದ್ದರು.

"ವಾಸಂತಿ," ಎಂದ. "ಫೆಬ್ರವರಿಯ ರಜತ್ ಇದ್ದನಲ್ಲ. ಅವನ ತಾಯಿ."

ಫೋಲನ್ ಕುರ್ಚಿಗೆ ಒರಗಿದಳು. ಆ ಹೆಸರು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ರಜತ್, ಇಪ್ಪತ್ತೇಳು ವರ್ಷ. ಕುಂದಾಪುರದ ಹತ್ತಿರ ಗಂಗೊಳ್ಳಿಯ ಮೊಗವೀರ ಮೀನುಗಾರರ ಹುಡುಗ; ಇಲ್ಲಿ ವೈದ್ಯಕೀಯ ಸಲಕರಣೆ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಒಂದು ಕೋಣೆಗೆ ಮೂವರು ಮಲಗುವ ಬಾಡಿಗೆ ಮನೆ. ಭಾನುವಾರ ಬಂತೆಂದರೆ ಆ ಉಸಿರುಗಟ್ಟುವ ಕೋಣೆ ಬಿಟ್ಟು, ಸ್ಪಿಡಲ್ ಎಂಬ ಕಡಲ ಊರಿನ ಆಚೆ ಬಂಡೆಯ ಮೇಲೆ ಗಾಳ ಹಾಕಿ ಕೂರುತ್ತಿದ್ದ. ಒಂದು ಅಲೆ ಬಂತು. ಅಷ್ಟೆ. ಹೆಲಿಕಾಪ್ಟರ್, ದೋಣಿ, ಮುಳುಗುಗಾರರು, ಫ್ಲಾಸ್ಕಿನಲ್ಲಿ ಸೂಪು ಹಿಡಿದು ದಂಡೆ ಉದ್ದಕ್ಕೂ ನಡೆದ ಊರಿನವರು. ಯಾರೂ ಕಡಿಮೆ ಮಾಡಲಿಲ್ಲ. ಸಮುದ್ರ ಮಾತ್ರ ಕೊಡಲಿಲ್ಲ. ಊರಿಂದ ಬಂದ ತಾಯಿಯ ಪಕ್ಕದಲ್ಲಿ ದಿನಾ ಕೂತವನು ಸಂಪತ್. ಹುಡುಕಾಟ ಮುಗಿದ ದಿನ ಅದನ್ನು ಕನ್ನಡದಲ್ಲಿ ಹೇಳಬೇಕಾದವನೂ ಅವನೇ. ಮನೆಯ ಮಾತು ಬಾಯಿಗೆ ಬರಲಿಲ್ಲ. "ಶೋಧ ಕಾರ್ಯವನ್ನು ಸ್ಥಗಿತಗೊಳಿಸಲಾಗಿದೆ," ಎಂದಿದ್ದ, ವಾರ್ತೆ ಓದುವವನ ಹಾಗೆ.

"ನಿಲ್ಸುದಾ?" ಎಂದಿದ್ದರು ಆ ತಾಯಿ. "ಅಂವ ಅಲ್ಲೇ ಇದ್ದ, ಅಲ್ದಾ?" ಅವರ ಊರಿನ ಮಾತಲ್ಲಿ ಇದ್ದ ಅಂದರೆ ಇದ್ದಾನೆ.

ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರ ಕೈಮುಗಿದ ಚಿತ್ರಗಳು ಬಂದವು. ಮರುವಾರ ಯುಗಾದಿ ಊಟಕ್ಕೆ ಪುಳಿಯೋಗರೆ ಯಾರು ತರುತ್ತಾರೆ ಎಂಬ ಚರ್ಚೆ. ಮಧ್ಯದಲ್ಲಿ ಒಬ್ಬ ಬರೆದಿದ್ದ: ಆ ಹವಾದಲ್ಲಿ ಬಂಡೆಗೆ ಯಾಕೆ ಹೋಗಬೇಕಿತ್ತು? ಸಂಪತ್ ಆ ಗುಂಪು ಬಿಟ್ಟು ಹೊರಬಂದಿದ್ದ. ಕೈಗೆ ಸಿಕ್ಕಿದ್ದರೆ ಆ ಪುಣ್ಯಾತ್ಮನ ಕುತ್ತಿಗೆ ಪಟ್ಟಿ ಹಿಡಿಯುತ್ತಿದ್ದ.

ರಜತನ ಅಕ್ಕ ನಿಖಿತಾಳ ಕಚೇರಿ ನಗರದ ಹೊರಗಿನ ಕೈಗಾರಿಕಾ ವಸಾಹತಿನಲ್ಲಿತ್ತು. ಎರಡಕ್ಕೆ ಅವಳು ಕಾರು ನಿಲ್ಲಿಸುವ ಜಾಗಕ್ಕೆ ಇಳಿದು ಬಂದಳು. ಸಮವಸ್ತ್ರ ಕಂಡದ್ದೇ ಅವಳ ಮುಖ ಬೆಳ್ಳಗಾಯಿತು.

"ಸಿಕ್ಕಿದ್ನಾ ಅಣ್ಣ?"

"ಇಲ್ಲಮ್ಮ. ಅದಕ್ಕಲ್ಲ ಬಂದದ್ದು. ಅಮ್ಮ ಎಲ್ಲಿ?"

"ಬೆಳಿಗ್ಗೆ ಬಸ್ಸಲ್ಲಿ ಸ್ಪಿಡಲ್ ಕಡೆ ಹೋದ್ರು. ದಿನಾ ಹೋಗ್ತಾರೆ. ಯಾಕೆ?"

"ನಿನ್ನೆ ಮ್ಯೂಸಿಯಮ್ಮಿಗೆ ಬಂದಿದ್ರಾ?"

"ನಾನೇ ಕರ್ಕೊಂಡು ಹೋದೆ. ಮನೇಲೇ ಕೂತ್ರೆ ಹುಚ್ಚು ಹಿಡಿಯತ್ತೆ, ಗಾಳ ಗೀಳ ಅಂದ್ರೆ ಊರು ನೆನಪಾಗತ್ತೆ ಅಂತ. ಅಮ್ಮ ಏನೋ ಕೇಳಿದ್ರು, ನಾನೇ ಇಂಗ್ಲಿಷಲ್ಲಿ ಕೇಳಿದೆ. ಆಮೇಲೆ ನಾನು ಟೀ ತರೋಕೆ ಹೋದೆ. ಅಣ್ಣ, ಅಮ್ಮ ಏನು ಮಾಡಿದ್ರು?"

ಸಂಪತ್ ಹೇಳಿದ. ನಿಖಿತಾ ಕಾರಿನ ಬಾನೆಟ್ ಮೇಲೆ ಕೈಯೂರಿದಳು.

"ತಿಂಗಳ ಕೊನೇಗೆ ವೀಸಾ ಮುಗಿಯತ್ತೆ. ಒಂದ್ಸಲ ಎಕ್ಸ್‌ಟೆಂಡ್ ಮಾಡಿಸಿ ಆಯ್ತು, ಇನ್ನು ಕೊಡಲ್ಲ. ಅವನನ್ನ ಬಿಟ್ಟು ಫ್ಲೈಟ್ ಹತ್ತಲ್ಲ ಅಂತಾರೆ. ಬೊಜ್ಜಾನೂ ಆಗಿಲ್ಲ ಅಣ್ಣ." ಕರಾವಳಿಯಲ್ಲಿ ಉತ್ತರಕ್ರಿಯೆಯ ಊಟಕ್ಕೆ ಬೊಜ್ಜ ಎನ್ನುತ್ತಾರೆ. "ಭಟ್ರು ದರ್ಭೆಯ ಬೊಂಬೆ ಮಾಡಿ ಸುಟ್ಟು ಮಾಡಬಹುದು ಅಂದ್ರು. ಅಮ್ಮ ಫೋನ್ ಕಿತ್ಕೊಂಡು, ನನ್ ಮಗ ಹುಲ್ಲಲ್ಲ ಅಂದ್ಬಿಟ್ರು."

ಕಾರಿಗೆ ವಾಪಸು ಬಂದಾಗ ಫೋಲನ್ ಯಾರಿಗೋ ಫೋನು ಮಾಡುತ್ತಿದ್ದಳು. ಎಡ್ವಿನ್‌ಗೆ. ವಸ್ತು ಅಸಲಿಯೋ ಎಂದು ಗುರುತಿಸಲು ಅವರು ಜೊತೆಗೆ ಬೇಕು ಎಂದಳು. ನಿಯಮದ ಪ್ರಕಾರ ಡಾ. ಕರ್ವನ್ ಅವರನ್ನು ಕರೆಯಬೇಕಿತ್ತು. ಸಂಪತ್ ಅದನ್ನು ನೆನಪಿಸಲಿಲ್ಲ.

ಮೂರು ಗಂಟೆಗೆ ಸ್ಪಿಡಲ್‌ನಿಂದ ಪಶ್ಚಿಮಕ್ಕೆ ರಸ್ತೆ ಪಕ್ಕ ಕಾರು ನಿಂತಿತು. ಸಣ್ಣ ಮಳೆ. ಕಲ್ಲುಗೋಡೆ ದಾಟಿ, ಜೌಗು ಹುಲ್ಲು ದಾಟಿ, ಎಡ್ವಿನ್ ಸೇರಿ ಮೂವರೂ ಬಂಡೆಗಿಳಿದರು. ನೀಲಿ ಕೋಟು ದೂರದಿಂದಲೇ ಕಾಣಿಸಿತು. ವಾಸಂತಿ ಬಂಡೆಗೆ ಅಂಟಿಕೊಂಡು ಕೂತಿದ್ದರು. ಎರಡೂ ಕೈಗೆ ಸುತ್ತಿದ ನೈಲಾನ್ ದಾರ ನೀರಿಗಿಳಿದು ಬಿಗಿಯಾಗಿ ನಿಂತಿತ್ತು. ಬೆರಳ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಅಮ್ಮ," ಎಂದ ಸಂಪತ್.

ಅವರು ತಿರುಗಲಿಲ್ಲ. "ಬಂದ್ಯಾ ಮಗ. ಮೆಲ್ಲ ಮಾತಾಡ್. ಹಿಡ್ಕಂಡಿತ್ತ್."

"ಏನು ಹಿಡ್ಕೊಂಡಿದೆ ಅಮ್ಮ?"

"ಬೆಳಿಗ್ಗೆಯಿಂದ ಹಿಡ್ಕಂಡಿತ್ತ್. ಎಳ್ದ್ರೆ ಬತ್ತಿಲ್ಲೆ, ಬಿಟ್ರೆ ಬಿಡ್ತಿಲ್ಲೆ. ಮೀನ್ ಆದ್ರೆ ಜಗ್ಗತ್ತ್. ನಾ ಮೀನಿನವಳ್, ನಂಗೆ ಗೊತ್ತಿಲ್ಯಾ? ಇದ್ ಮೀನಲ್ಲ."

ಸಂಪತ್ ಫೋಲನ್‌ಗೆ ಹೇಳಿದ. ದಾರ ತಳದ ಬಂಡೆಗೆ ಸಿಕ್ಕಿಕೊಂಡಿದೆ ಎಂದು ಮೂವರಿಗೂ ತಿಳಿದಿತ್ತು. ಎಳೆದರೆ ಗಾಳದ ತೋಳು ಮುರಿಯುತ್ತದೆ. ಕತ್ತರಿಸಿದರೆ ಕಡಲಿನ ಪಾಲು. ಮುಳುಗುಗಾರರನ್ನು ಕರೆಸೋಣವೇ ಎಂದು ಫೋಲನ್ ರೇಡಿಯೊಗೆ ಕೈ ಹಾಕಿದಳು.

"ಬೇಡ," ಎಂದರು ಎಡ್ವಿನ್. "ನೀರು ಇಳೀತಾ ಇದೆ. ಕಾಯೋಣ."

"ಎಷ್ಟು ಹೊತ್ತು?"

"ಇಳಿಯೋವರೆಗೆ."

ಅವರು ಹೋಗಿ ವಾಸಂತಿಯ ಎಡಕ್ಕೆ ಕೂತರು. ಸಂಪತ್ ಬಲಕ್ಕೆ ಕೂತ. ಫೋಲನ್ ನಿಂತೇ ಇದ್ದಳು, ಬೆನ್ನು ಗಾಳಿಗೆ ಕೊಟ್ಟು. ಕೈ ಬಿಡಿಸಲು ಸಂಪತ್ ನೋಡಿದ, ವಾಸಂತಿ ಬಿಡಲಿಲ್ಲ. ಅವನೂ ದಾರದ ಹಿಂಬದಿಯನ್ನು ಹಿಡಿದುಕೊಂಡ. ಒಂದಿಷ್ಟು ಭಾರ ಇವನ ಕೈಗೆ ಬಂತು.

"ಪೆಟ್ಟಿಗೆಯಿಂದ ತೆಗೆದದ್ದು ನೀವೇನಾ?"

"ಸುಳ್ ಎಂತಕ್ಕೆ ಹೇಳುದ್? ನಾನೇ."

"ಕೇಳಿದ್ರೆ ಕೊಡ್ತಿದ್ರೇನೋ."

"ಕೇಳಿದ್ರೆ ಯಾರ್ ಕೊಟ್ಟಿರ್?" ಅವರು ಮೊದಲ ಸಲ ಅವನ ಕಡೆ ನೋಡಿದರು. "ಹುಡ್ಕಿ ಅಂತ ಕೇಳ್ದೆ. ನಿಲ್ಸಿಯಾಯ್ತ್ ಅಂದ್ರಿ. ಇನ್ನೆರಡ್ ತಿಂಗಳ್ ಇಪ್ಪುಕೆ ಬಿಡಿ ಅಂತ ಕೇಳ್ದೆ. ಆತಿಲ್ಲೆ ಅಂದ್ರ್. ಈ ಗಾಳ ಶುಕ್ರವಾರ ಹೋತ್ತ್ ಅಂದ್ರ್. ಅದ್ ಹೋದ್ಮೇಲೆ ನಂಗೆಂತ ಉಳೂದ್?"

"ಉಳಿದ ಮೂರನ್ನ ಯಾಕೆ ಮಗುಚಿದ್ರಿ? ಅದರಿಂದ ಅನುಮಾನ ಇವರ ಮೇಲೆ ಬಂತು."

"ಮೇಲ್ಮುಖ ಮಾಡಿ ಇಟ್ಟಿದ್ರಲ್ಲ ಮಾರಾಯ. ಪಾಪ ಅನ್ಸಿತ್ತ್. ನೀರಿನ್ ಸಾಮಾನ್, ಅದ್ಕೆ ಬೆಳ್ಕ್ ಯಾಕೆ? ಗಾಳದ ಮನೆಯವಳಾಗಿ ಹಾಂಗೆ ಬಿಟ್ಟಿಕ್ಕಿ ಬಪ್ಪುದ್ ಹ್ಯಾಂಗೆ?"

ಸಂಪತ್ ಇದನ್ನು ಎಡ್ವಿನ್‌ಗೆ ಇಂಗ್ಲಿಷಿನಲ್ಲಿ ಹೇಳಿದ. ಮುದುಕ ಮುಂದೆ ಬಾಗಿ ದಾರವನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, "ಬಿಡುವಾಗ ಏನು ಹೇಳಿ ಬಿಟ್ಟರು ಕೇಳಪ್ಪ. ನಮ್ಮ ಮನೇಲಿ ಗಾಳಕ್ಕೆ ಕೆಲಸ ಹೇಳಿ ಕಳಿಸ್ತೀವಿ."

ಸಂಪತ್ ಅದನ್ನು ಕನ್ನಡದಲ್ಲಿ ಕೇಳಿದ. "ನಾನೂ ಹೇಳ್ದೆ," ಎಂದರು ವಾಸಂತಿ. "ಅವನ್ ಹೆಸ್ರ್ ಹೇಳ್ದೆ. ನೀ ನಮ್ ಭಾಷೆ ಅರಿಯೆ, ಆದ್ರೂ ಅಂವ ಅರೀತ, ನಂದೇ ದನಿ ತಕಂಡ್ ಹೋಗ್ ಅಂದೆ."

ನೀರು ಇಳಿಯಿತು. ಮೊದಲು ಕಪ್ಪು ಬಂಡೆಯ ತಲೆಗಳು ಎದ್ದವು, ಆಮೇಲೆ ಕಂದು ಕಡಲಕಳೆಯ ರಾಶಿ ಜೋತುಬಿತ್ತು. ದಾರದ ಜಾಡು ಅಡಿ ಅಡಿಯಾಗಿ ಹೊರಬರತೊಡಗಿತು. ವಾಸಂತಿ ಎದ್ದು ನಿಂತರು. ಅವರ ಉಸಿರಿನ ಸದ್ದು ಗಾಳಿಯಲ್ಲೂ ಕೇಳುತ್ತಿತ್ತು. ಸಂಪತ್‌ಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಇಡೀ ಊರು ಹುಡುಕಿ ಸ್ಥಗಿತಗೊಳಿಸಿದ್ದನ್ನು ಈ ಹೆಂಗಸು ಎರಡು ಮರದ ತುಂಡು ಹಿಡಿದು ಒಬ್ಬಳೇ ಹುಡುಕುತ್ತಿದ್ದಳು. ಅದಕ್ಕೆ ಕಾನೂನಿನಲ್ಲಿ ಕಳವು ಎಂದು ಹೆಸರು.

ಐದು ನಲವತ್ತಕ್ಕೆ ದಾರದ ತುದಿ ಕಂಡಿತು. ಎರಡು ಬಂಡೆಗಳ ಬಿರುಕು. ಕಟ್ಟಿದ ಕಲ್ಲು ಅದರೊಳಗೆ ಜಾರಿ ಕಚ್ಚಿಕೊಂಡಿತ್ತು. ಅದರ ಮೇಲೆ, ಮೊಣಕಾಲುದ್ದ ನಿಂತ ನೀರಿನಲ್ಲಿ, ಗಾಳ ತೇಲುತ್ತಿತ್ತು. ಮುಖ ಕೆಳಗೆ. ಸುತ್ತ ಕಡಲಕಳೆ. ಬೇರೇನೂ ಇರಲಿಲ್ಲ.

ಫೋಲನ್ ಕೈಗವಸು ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿದಳು. ವಾಸಂತಿ ಆಗಲೇ ಇಳಿಯುತ್ತಿದ್ದರು. ಸಂಪತ್ ರಟ್ಟೆ ಹಿಡಿದುಕೊಂಡ. ಅವರು ಬಗ್ಗಿ ಕಳೆಯನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಬಿರುಕಿನೊಳಗೆ ತೋಳು ಇಳಿಸಿ ತಡಕಿದರು. ಇನ್ನೊಂದು ಸಲ ತಡಕಿದರು. ಆಮೇಲೆ ಕೈ ಹೊರತೆಗೆದರು.

"ಇಲ್ಲೆ," ಎಂದರು, ಇಲ್ಲವೆಂದು ತಲೆಯಾಡಿಸುತ್ತ.

ಗಂಟು ಬಿಚ್ಚಿದರು. ಗಾಳವನ್ನು ತಾವು ತೊಟ್ಟಿದ್ದ ರಜತನ ಕೋಟಿನ ತೋಳಿಗೆ ಒರೆಸಿ ಮೇಲೆ ಬಂದರು. ಪೊಲೀಸರ ಕೈಗೆ ಕೊಡಲಿಲ್ಲ. ಎಡ್ವಿನ್ ಮುಂದೆ ಎರಡೂ ಕೈಯಲ್ಲಿ ಹಿಡಿದರು. ಕ್ಷಮಿಸಿ ಎನ್ನಲಿಲ್ಲ. ಮುದುಕ ತೆಗೆದುಕೊಂಡರು, ತೋಳುಗಳನ್ನು ಒತ್ತಿ ನೋಡಿದರು, ಬೇರಿನ ಬಿಗಿತ ನೋಡಿದರು.

"ಮುರಿದಿಲ್ಲ," ಎಂದರು. "ನೂರೈವತ್ತು ವರ್ಷಕ್ಕೆ ಮೊದಲ ಸಲ ನೀರು ಕುಡಿದಿದೆ. ಇದರ ಮೇಲೆ ನನ್ನ ದೂರಿಲ್ಲ, ಬರ್ಕೊಳ್ಳಿ."

"ನಾಳೆ ಸಹಿ ಬೀಳೋವರೆಗೆ ಕಾಗದದಲ್ಲಿ ಅದು ಸಂಗ್ರಹಾಲಯದ್ದು," ಎಂದಳು ಫೋಲನ್, ಬೇರೆ ಕಡೆ ನೋಡುತ್ತ. "ಅವರ ದೂರು ಇದೆ. ಸಂಪತ್, ಅರೆಸ್ಟ್ ನಾನು ಮಾಡ್ತೀನಿ."

"ಬೇಡ. ಕನ್ನಡದಲ್ಲಿ ಹೇಳಬೇಕು."

ಈ ಸಲ ಅವನು ವಾರ್ತೆ ಓದುವವನ ಹಾಗೆ ಹೇಳಲಿಲ್ಲ. "ಅಮ್ಮ, ಗಾಳ ಕದ್ದದ್ದಕ್ಕೆ ನಿಮ್ಮನ್ನ ಅರೆಸ್ಟ್ ಮಾಡ್ತಾ ಇದೀನಿ. ನೀವು ಏನೂ ಹೇಳಬೇಕಾಗಿಲ್ಲ. ಹೇಳಿದ್ರೆ ಬರ್ಕೊಳ್ತೀನಿ, ಕೋರ್ಟಲ್ಲಿ ಅದನ್ನ ಓದಬಹುದು. ಗೊತ್ತಾಯ್ತಾ?"

"ಗೊತ್ತಾಯ್ತ್ ಮಗ."

ಅವನು ಗಡಿಯಾರ ನೋಡಿದ. "ಟೈಮ್ ಐದು ಐವತ್ತೆರಡು."

"ಗಂಟೆ ನಿಮ್ಗಾಯ್ತ್. ಇವತ್ತ್ ತಿಥಿ ಯಾವ್ದ್, ಕಾಣಿ."

"ತಿಥೀನಾ?"

"ಅಲೆ ಎಳ್ದ ದಿನವೇ ಅಂವ ಹೋದ ದಿನ ಅಂತ ಭಟ್ರು ಹೇಳ್ತ್ರ್. ಅಲ್ಲ. ನನ್ ಮಗ ಈಜುಗಾರ. ಆ ದಿನ ಈಜ್ತಾ ಇದ್ದ, ಮರ್ದಿನವೂ ಈಜ್ತಾ ಇದ್ದ. ನಂಗೆ ಗೊತ್ತಿತ್ತ್." ಅವರು ಒದ್ದೆ ಕೈಗಳನ್ನು ನೋಡಿಕೊಂಡರು. "ಅಂವ ಇಲ್ಲೆ ಅಂತ ಆದ್ದ್ ಇವತ್ತ್. ಈಗ. ವರ್ಷ ವರ್ಷ ಅನ್ನ ಇಡುಕೆ ಒಂದ್ ದಿನ ಬೇಕಲ್ದಾ?"

ಸಂಪತ್ ಫೋನು ತೆಗೆದ. ಮಳೆಹನಿ ಬಿದ್ದ ಗಾಜನ್ನು ಎರಡು ಸಲ ಒರೆಸಿ ಪಂಚಾಂಗ ಹುಡುಕಿದ.

"ಆಶ್ವಯುಜ ಬಹುಳ ನವಮಿ."

"ಬಹುಳ ನವಮಿ," ಎಂದರು ವಾಸಂತಿ. ಫೆಬ್ರವರಿಯಿಂದ ಆ ದಂಡೆಯಲ್ಲಿ ಅಳದವರು ಆಗ ಅತ್ತರು, ದನಿಯಿಲ್ಲದೆ, ನಿಂತಲ್ಲೇ. ಎಡ್ವಿನ್ ತಲೆಯ ಟೋಪಿ ತೆಗೆದರು.

ಬಂಧನದ ಸಮಯದ ಕೆಳಗೆ ಸಂಪತ್ ಅದನ್ನೂ ಬರೆದ, ಕನ್ನಡದಲ್ಲಿ. ಭುಜದ ಮೇಲಿಂದ ಇಣುಕಿದ ಫೋಲನ್ ಇದೇನು ಎಂದು ಕೇಳಿದಳು. ಅವನು ಹೇಳಿದ. ಅವಳು ತಲೆಯಾಡಿಸಿ, ವಾಸಂತಿಯ ಇನ್ನೊಂದು ರಟ್ಟೆ ಹಿಡಿದು ಮೆಲ್ಲಗೆ ಹುಲ್ಲಿನ ಕಡೆ ನಡೆಸಿದಳು.

ಕಾರಿನ ಬಾಗಿಲಲ್ಲಿ ವಾಸಂತಿ ನಿಂತರು.

"ನಿಖಿತಂಗೆ ಫೋನ್ ಮಾಡ್ ಮಗ. ಟಿಕೆಟ್ ಮಾಡುಕೆ ಹೇಳ್. ಬೊಜ್ಜಕ್ಕೆ ದಿನ ಸಿಕ್ತ್ ಅಂತ ಹೇಳ್."